ನಮ್ಮ ಲಾರಿ ಮನೆಯನ್ನು ಹಡಗಿನಲ್ಲಿ ಆಫ್ರಿಕಾಕ್ಕೆ ಕಳಿಸಬೇಕು, ಅನುಭವ ಇದ್ದವರು ಹೇಳ್ತೀರಾ?

ಹಾಸನದ_ಅಲೆಮಾರಿ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಒಂದು ಲಾರಿ ಚಾಸಿ ತಗೊಂಡು ಅದರ ಮೇಲೆ ಮನೆ ಕಟ್ಟಿಸಿದೆ. ಹೊಸ ಹೊಗೆ ನಿಯಮದ ಬಿಎಸ್6 ಗಾಡಿ, ಹೊಗೆ ಶುದ್ಧ ಮಾಡಲು ಡಿಇಎಫ್ ಅನ್ನುವ ದ್ರವ ಹಾಕುವಂಥದ್ದು. ಉದ್ದ 6.2 ಮೀಟರ್, ಅಗಲ 2.1, ಎತ್ತರ ಸುಮಾರು 3.2. ಒಳಗೆ ನಾಲ್ಕು ಜನ ಮಲಗಬಹುದು. ಪುಟ್ಟ ಅಡುಗೆಮನೆ, ಬಚ್ಚಲು, ಮೇಲೆ ಸೋಲಾರ್ ಮತ್ತು ಎಸಿ. ಲಿಥಿಯಂ ಬ್ಯಾಟರಿ. ಆರ್‌ಸಿಯಲ್ಲಿ ಮೋಟರ್ ಕ್ಯಾರವಾನ್ ಅಂತಲೇ ಇದೆ, ಗೂಡ್ಸ್ ಅಲ್ಲ. ಹೋದ ವರ್ಷ ಮಕ್ಕಳ ಹಟಕ್ಕೆ ಕಾಡು ಹಸಿರು ಬಣ್ಣ ಹೊಡೆಸಿದೆವು. ಊರಲ್ಲಿ ಎಲ್ಲರೂ ಅರಣ್ಯ ಇಲಾಖೆ ಗಾಡಿ ಅಂದುಕೊಂಡಿದ್ದಾರೆ.

ಲಡಾಖ್, ಸ್ಪಿತಿ, ಮೇಘಾಲಯ ಆಯಿತು. ಈಗ ನನ್ನ ಹೆಂಡತಿಗೆ ಕೆಲಸದಲ್ಲಿ ಒಂದು ವರ್ಷ ರಜೆ ಸಿಗುತ್ತಿದೆ. ಮಗಳು ಏಳನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಮಗಳು ಎಸ್ಸೆಸ್ಸೆಲ್ಸಿ ಹತ್ತಿರ ಬಂದಳು ಅಂದರೆ ಮುಗಿಯಿತು, ಆಮೇಲೆ ಟ್ಯೂಷನ್ನೇ ಪ್ರವಾಸ. ಹೋದರೆ ಈಗಲೇ.

ಮೊದಲು ರಸ್ತೆಯಲ್ಲೇ ದೇಶ ದಾಟೋಣ ಅಂತ ಲೆಕ್ಕ ಹಾಕಿದೆ. ಪಾಕಿಸ್ತಾನದ ಕಡೆ ನಮಗೆ ದಾರಿ ಇಲ್ಲ. ಮ್ಯಾನ್ಮಾರ್ ಕಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಧೈರ್ಯ ಇಲ್ಲ. ಥಾಯ್ಲೆಂಡ್‌ನವರು 2016ರಿಂದ ಹೊರಗಿನ ಮೋಟರ್‌ಹೋಮ್ ಒಳಗೆ ಬಿಡುತ್ತಿಲ್ಲ. ಚೀನಾದಲ್ಲಿ ಗೈಡ್ ಕೂರಿಸಿಕೊಂಡೇ ಓಡಾಡಬೇಕು. ಹಾಗಾಗಿ ಹಡಗೇ ಗತಿ. ಆಫ್ರಿಕಾದ ಪೂರ್ವ ಮತ್ತು ದಕ್ಷಿಣದಲ್ಲಿ ನಮ್ಮ ಹಾಗೇ ಎಡಕ್ಕೆ ಓಡಿಸುತ್ತಾರಲ್ಲ, ಸ್ಟೇರಿಂಗ್ ಗೋಳೂ ಇಲ್ಲ. ಮುಂಬೈಯಿಂದ ಕೀನ್ಯಾದ ಮೊಂಬಾಸಾ ಬಂದರು, ಅಲ್ಲಿಂದ ಕೆಳಗೆ ಕೇಪ್‌ಟೌನ್‌ವರೆಗೆ ಅಂತ ಆಸೆ.

ನನ್ನ ತಲೆನೋವು ಇಷ್ಟು. ಕಂಟೇನರ್ ಒಳಗೆ ಈ ಗಾಡಿ ಹೋಗುತ್ತಾ? ಕಾರ್ನೆಟ್ ಅಂತ ಒಂದು ಪುಸ್ತಕ ಬೇಕಂತೆ, ಅದಕ್ಕೆ ಬ್ಯಾಂಕಿನಲ್ಲಿ ದೊಡ್ಡ ಮೊತ್ತ ಕಟ್ಟಿ ಹಾಕಬೇಕಂತೆ, ನಿಜವಾ? ಒಳಗಿನ ಸಾಮಾನು ಹಾಗೇ ಬಿಟ್ಟು ಕಳಿಸಬಹುದಾ? ಮತ್ತೆ, ಇದು ಹೆಂಡತಿಯ ಪ್ರಶ್ನೆ: ಇಷ್ಟೆಲ್ಲ ಮಾಡುವುದು ಬುದ್ಧಿವಂತಿಕೆಯೋ, ಸುಮ್ನೆ ನಮ್ಮ ಗಾಡಿ ಅನ್ನೋ ಮೋಹವೋ?

ಸುಮ್ನೆ_ಸುತ್ತು

ಮೋಹವೇ ಸಾರ್. ವಿಮಾನದಲ್ಲಿ ಹೋಗಿ, ಅಲ್ಲೇ ಮೇಲೆ ಟೆಂಟ್ ಇರುವ ಜೀಪ್ ಬಾಡಿಗೆಗೆ ತಗೊಳ್ಳಿ. ನಮೀಬಿಯಾದಲ್ಲಿ ನಾವು ಮೂರು ವಾರ ಹಾಗೇ ಸುತ್ತಿದೆವು. ಬಂದರಿಲ್ಲ, ಏಜೆಂಟಿಲ್ಲ, ಕೀಲಿ ಕೊಟ್ಟು ಮನೆಗೆ ಬಂದೆವು.

ಕೊಬ್ಬರಿ407

ಮೂರು ವಾರಕ್ಕೆ ಮೇಲಿನವರು ಹೇಳಿದ್ದೇ ಸರಿ. ಮೂರು ತಿಂಗಳಿಗೂ ಬಹುಶಃ ಸರಿ. ಏಳೆಂಟು ತಿಂಗಳು, ಮಕ್ಕಳ ಜೊತೆ ಅಂದರೆ ಲೆಕ್ಕ ಬೇರೆ. ನಾವು ಮಾಡಿದ್ದೇವೆ, ಅದಕ್ಕೇ ಉದ್ದ ಬರೆಯುತ್ತೇನೆ. ಕಾಫಿ ಇಟ್ಟುಕೊಂಡು ಓದಿ.

ನಾನು ತಿಪಟೂರಿನವನು. ಕೊಬ್ಬರಿ ವ್ಯಾಪಾರ. ನಮ್ಮ ಗಾಡಿ 2010ರ ಟಾಟಾ 407, ಬಿಎಸ್3. ಒಂಬತ್ತು ವರ್ಷ ಕೊಬ್ಬರಿ ಮೂಟೆ ಹೊತ್ತ ಗಾಡಿಯನ್ನೇ ಬಾಡಿ ಬಿಚ್ಚಿಸಿ ಮನೆ ಮಾಡಿದ್ದು. ಬಿಸಿಲು ಜೋರಾದರೆ ಇವತ್ತಿಗೂ ಒಳಗೆ ಕೊಬ್ಬರಿ ವಾಸನೆ ಏಳುತ್ತದೆ. 2023ರ ಡಿಸೆಂಬರ್‌ನಲ್ಲಿ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ ಮೊಂಬಾಸಾಕ್ಕೆ ಕಳಿಸಿದೆವು. 2024ರ ಜುಲೈಯಲ್ಲಿ ಸೌತ್ ಆಫ್ರಿಕಾದ ಡರ್ಬನ್‌ನಿಂದ ವಾಪಸ್ ಹತ್ತಿಸಿದೆವು. ಹೋದವರು ಐದು ಜನ: ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಅಮ್ಮನಿಗೆ ಆಗ 66. "ನನ್ನನ್ನು ಬಿಟ್ಟು ಹೋದರೆ ಲಾರಿಗೆ ಅಡ್ಡ ಮಲಗುತ್ತೇನೆ" ಅಂದಿದ್ದರು.

ಮೊದಲು ಕಾರ್ನೆಟ್ ವಿಷಯ, ಯಾಕಂದರೆ ಅದಿಲ್ಲದೆ ಹಡಗಿನ ಮಾತೇ ಬೇಡ. ಇದು ನಿಮ್ಮ ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. "ಈ ಗಾಡಿಯನ್ನು ನಿಮ್ಮ ದೇಶದಲ್ಲಿ ಮಾರಲ್ಲ, ಸುತ್ತಿಕೊಂಡು ಹೊರಗೆ ತಗೊಂಡು ಹೋಗುತ್ತೇನೆ. ಹೋಗದಿದ್ದರೆ ಸುಂಕ ವಸೂಲು ಮಾಡಿಕೊಳ್ಳಿ" ಅನ್ನುವ ಕಾಗದ. ನಾವು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ನಲ್ಲಿ ಮಾಡಿಸಿದೆವು. ಒಂದು ವರ್ಷದ ಅವಧಿ. ಆ ವರ್ಷದೊಳಗೆ ಗಾಡಿ ಮತ್ತೆ ಇಂಡಿಯಾ ಮುಟ್ಟುವ ಹಾಗೆ ಲೆಕ್ಕ ಇಟ್ಟುಕೊಳ್ಳಿ.

ಬ್ಯಾಂಕ್ ಗ್ಯಾರಂಟಿ ಕೇಳುವುದು ನಿಜ. ಗಾಡಿಯ ಬೆಲೆ ಎಷ್ಟು, ಯಾವ ಯಾವ ದೇಶಕ್ಕೆ ಹೋಗುತ್ತೀರಿ ಅನ್ನುವುದರ ಮೇಲೆ ಮೊತ್ತ ನಿಲ್ಲುತ್ತದೆ. ಪಟ್ಟಿಯಲ್ಲಿರುವ ದೇಶಗಳಲ್ಲಿ ಯಾವುದು ಜಾಸ್ತಿ ಕೇಳುತ್ತದೋ ಅದೇ ಲೆಕ್ಕ. ಈಜಿಪ್ಟ್ ಹೆಸರು ಬರೆದರೆ ಸಿಕ್ಕಾಪಟ್ಟೆ ಏರುತ್ತದೆ. ನೀವು ಕೆಳಗೆ ಹೋಗುವವರು, ಈಜಿಪ್ಟ್ ಯಾಕೆ? ಸುಮ್ನೆ "ಇರಲಿ" ಅಂತ ಒಂದು ದೇಶವನ್ನೂ ಸೇರಿಸಬೇಡಿ. ಬ್ಯಾಂಕಿನವರು ಎಫ್‌ಡಿ ಇಡಿಸಿಕೊಂಡು ಗ್ಯಾರಂಟಿ ಕೊಟ್ಟರು. ಆ ದುಡ್ಡು ಹೋಗುವುದಿಲ್ಲ, ಆದರೆ ಕಾರ್ನೆಟ್ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಇಲ್ಲಿ ನಮ್ಮ ಹಳೇ ಗಾಡಿ ಕೈ ಹಿಡಿಯಿತು. 13 ವರ್ಷದ 407ಗೆ ಕಾಗದದ ಮೇಲೆ ಏನು ಮಹಾ ಬೆಲೆ? ನಿಮ್ಮದು ಹೊಸ ಗಾಡಿ, ಮೊತ್ತ ನಮಗಿಂತ ಜಾಸ್ತಿಯೇ ಬರುತ್ತದೆ. ರೆಡಿಯಾಗಿರಿ.

ಕಾರ್ನೆಟ್ ಪುಟದಲ್ಲಿ ಮೂರು ತುಂಡು. ಕೆಳಗಿನದು ದೇಶದ ಒಳಗೆ ಹೋಗುವಾಗ ಹರಿದುಕೊಳ್ಳುತ್ತಾರೆ. ಮಧ್ಯದ್ದು ಹೊರಗೆ ಬರುವಾಗ. ಮೇಲಿನದು ನಿಮ್ಮ ಹತ್ತಿರವೇ ಉಳಿಯುತ್ತದೆ, ಅದರಲ್ಲಿ ಒಳಗೆ ಬಂದ ಸೀಲು, ಹೊರಗೆ ಹೋದ ಸೀಲು ಎರಡೂ ಇರಬೇಕು. ಹೊರಗೆ ಹೋದ ಸೀಲು ತಪ್ಪಿತೋ, ಅವರ ಪುಸ್ತಕದಲ್ಲಿ ನಿಮ್ಮ ಗಾಡಿ ಇನ್ನೂ ಅಲ್ಲೇ ಇದೆ. ಎಫ್‌ಡಿ ಗೋವಿಂದ.

ನಮಗೆ ನಮಂಗಾದಲ್ಲಿ ಹೀಗೇ ಆಗುವುದಿತ್ತು. ಕೀನ್ಯಾದಿಂದ ತಾಂಜಾನಿಯಾಕ್ಕೆ ಹೋಗುವ ಗಡಿ ಅದು. ಎರಡೂ ದೇಶದ ಕೌಂಟರ್ ಒಂದೇ ಕಟ್ಟಡದಲ್ಲಿ. ಸಾಲು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಗೊತ್ತಾಗಲ್ಲ. ತಾಂಜಾನಿಯಾದವನು ಟಪ್ ಅಂತ ಸೀಲು ಹೊಡೆದ, ನಾನು ಪುಸ್ತಕ ಕಂಕುಳಿಗೆ ಸೇರಿಸಿ ಹೊರಟೆ. ಲಾರಿ ಹತ್ತಿದ ಮೇಲೆ ಮಗಳು ಪುಸ್ತಕ ತಿರುವಿ, "ಅಪ್ಪಾ, ಕೀನ್ಯಾ ಪುಟದಲ್ಲಿ ಬಲಗಡೆ ಖಾಲಿ ಇದೆ" ಅಂದಳು. ಹತ್ತು ವರ್ಷದ ಹುಡುಗಿ. ಎಂಜಿನ್ ಆಫ್ ಮಾಡಿ ಓಡಿದೆ. ಅವತ್ತಿನಿಂದ ಕಾರ್ನೆಟ್ ಉಸ್ತುವಾರಿ ಅವಳದ್ದೇ. ಮುಂದಿನ ಎಲ್ಲ ಗಡಿಯಲ್ಲೂ ಅವಳು ನೋಡಿ ತಲೆ ಆಡಿಸಿದ ಮೇಲೆಯೇ ಗೇರ್ ಹಾಕಿದ್ದು.

ಇನ್ನು ಹಡಗು. ಕಂಟೇನರ್ ಆಸೆ ಬಿಡಿ. ಎತ್ತರದ ಕಂಟೇನರ್ ಅಂತ ಬರುತ್ತದಲ್ಲ, ಹೈ ಕ್ಯೂಬ್, ಅದರ ಬಾಗಿಲೇ 2.58 ಮೀಟರ್. ನಿಮ್ಮದು 3.2. ನಮ್ಮದು 2.95 ಇತ್ತು, ನಮಗೂ ಆಗಲಿಲ್ಲ. ಫ್ಲ್ಯಾಟ್ ರ್ಯಾಕ್ ಮೇಲೆ ಹಾಕಿದೆವು. ಗೋಡೆ, ಚಾವಣಿ ಇಲ್ಲದ ಕಂಟೇನರ್ ಅಂದುಕೊಳ್ಳಿ. ತಳ ಇದೆ, ಎರಡು ತುದಿಗೆ ಅಡ್ಡಗೋಡೆ ಇದೆ, ಅಷ್ಟೇ. ಗಾಡಿ ಹತ್ತಿಸಿ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ಬೆಲ್ಟಿನಲ್ಲಿ ಬಿಗಿಯುತ್ತಾರೆ. ಬಿಗಿಯುವಾಗ ನಾನು ಅಲ್ಲೇ ನಿಂತಿದ್ದೆ. ಒಬ್ಬ ಹುಡುಗ ಬೆಲ್ಟನ್ನು ಬ್ರೇಕ್ ಪೈಪಿನ ಮೇಲೆ ಹಾಯಿಸಿದ್ದ. ನೋಡದೇ ಇದ್ದಿದ್ದರೆ ಮೊಂಬಾಸಾದಲ್ಲಿ ಬ್ರೇಕ್ ಇಲ್ಲದ ಗಾಡಿ ಇಳಿಯುತ್ತಿತ್ತು. ಬೆಲ್ಟು ಆ್ಯಕ್ಸಲ್‌ಗೆ ಬೀಳಬೇಕು, ಪೈಪಿಗಲ್ಲ. ಹತ್ತಿರ ನಿಂತು ನೋಡಿ, ಬೈದರೆ ಬೈಸಿಕೊಳ್ಳಿ.

ಒಂದು ತಪ್ಪು ನನ್ನದೇ. ಎತ್ತರ 2.95 ಅಂತ ಬರೆದುಕೊಟ್ಟೆ. ಆಮೇಲೆ ದಾರಿಗಿರಲಿ ಅಂತ ಎರಡನೇ ಸ್ಟೆಪ್ನಿ ತಗೊಂಡು ಮೇಲೆ ಕಟ್ಟಿದೆ. ಬಂದರಿನವರು ಅಳೆದಾಗ 3.17. ಬಿಲ್ ಬದಲಾಯಿತು. ಅದಕ್ಕಿಂತ ದೊಡ್ಡ ತಮಾಷೆ: ಕಾರ್ನೆಟ್‌ನಲ್ಲಿ ಸ್ಟೆಪ್ನಿ ಎಷ್ಟು ಅಂತಲೂ ಒಂದು ಕಾಲಂ ಇದೆ. ಅಲ್ಲಿ ಒಂದು ಅಂತ ಬರೆಸಿದ್ದೆ. ಕೊನೆಗೆ ಆ ಟೈರನ್ನು ಪನ್ವೇಲ್‌ನಲ್ಲಿ ಪರಿಚಯದ ಲಾರಿ ಆಫೀಸಿನಲ್ಲಿ ಬಿಟ್ಟು ಬಂದೆ. ಏಳು ತಿಂಗಳು ಅದು ಅಲ್ಲೇ ಸ್ಟೂಲ್ ಆಗಿ ಕೂತಿತ್ತು.

ಹಡಗು ಹೊರಟ ಮೇಲೆ ಸಮುದ್ರದ ಕೆಲಸ ಬೇಗ ಮುಗಿಯಿತು. ನಮ್ಮನ್ನು ಅರೆದಿದ್ದು ಬಂದರು. ನಾವು ನೈರೋಬಿಗೆ ವಿಮಾನದಲ್ಲಿ ಇಳಿದು ಮೊಂಬಾಸಾಕ್ಕೆ ಹೋದರೆ, ಗಾಡಿ ಕಣ್ಣೆದುರೇ ಇದೆ, ಕೈಗೆ ಬರುತ್ತಿಲ್ಲ. ಇಲ್ಲಿ ಹಡಗಿನ ರಸೀದಿ ಮಾಡಿದವರು ಚಾಸಿ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿ ಹೊಡೆದಿದ್ದರು. ಕಾರ್ನೆಟ್‌ನಲ್ಲಿ 8, ರಸೀದಿಯಲ್ಲಿ 3. ಹನ್ನೊಂದು ದಿನ. ಹೋಟೆಲ್ ಬಾಡಿಗೆ, ಬಂದರಿನ ಬಾಡಿಗೆ, ಫ್ಲ್ಯಾಟ್ ರ್ಯಾಕ್ ಬಾಡಿಗೆ, ಮೂರೂ ಒಟ್ಟಿಗೆ ಓಡುತ್ತಿತ್ತು. ಅಮ್ಮ ಮಾತ್ರ ದಿನಾ ಸಂಜೆ ಸಮುದ್ರ ನೋಡಿಕೊಂಡು "ಎಷ್ಟು ಚೆನ್ನಾಗಿದೆ ಅಲ್ವಾ" ಅನ್ನುತ್ತಿದ್ದರು. ಕೊನೆಗೆ ಮೊಂಬಾಸಾದ ಖರ್ಚು ಹೆಚ್ಚುಕಡಿಮೆ ಹಡಗಿನ ಬಾಡಿಗೆಯಷ್ಟೇ ಆಯಿತು. ತಪ್ಪೇನೂ ಆಗದಿದ್ದರೂ ಆ ಕಡೆಯ ಬಂದರಿನ ಬಿಲ್ ಸಣ್ಣದಿರುವುದಿಲ್ಲ. ಏಜೆಂಟರು ಇಲ್ಲಿ ಹೇಳುವ ರೇಟು ಅರ್ಧ ದಾರಿಯದ್ದು ಅಂತಲೇ ಇಟ್ಟುಕೊಳ್ಳಿ. "ಅಲ್ಲಿ ಇಳಿಸಿ, ಕಸ್ಟಮ್ಸ್ ಮುಗಿಸಿ, ಗೇಟಿನ ಹೊರಗೆ ಬರುವವರೆಗೆ ಎಷ್ಟು?" ಅಂತ ಬರವಣಿಗೆಯಲ್ಲಿ ಕೇಳಿ.

ಸಾಮಾನಿನ ಪ್ರಶ್ನೆಗೆ ಉತ್ತರವೂ ಆ ಹನ್ನೊಂದು ದಿನದಲ್ಲೇ ಸಿಕ್ಕಿತು. ಗಾಡಿ ಕೈಗೆ ಬಂದಾಗ ಪಾನಾ ಸೆಟ್ ಇಲ್ಲ, ಜ್ಯಾಕ್ ಇಲ್ಲ, ಮಗನ ದುರ್ಬೀನು ಇಲ್ಲ, ಒಲೆ ಇಲ್ಲ. ಇಡ್ಲಿ ಪಾತ್ರೆ ಮಾತ್ರ ಇತ್ತು. ಏನು ಅಂತ ಗೊತ್ತಾಗಲಿಲ್ಲವೇನೋ. ವಾಪಸ್ ಬರುವಾಗ ಎಲ್ಲ ಒಂದೇ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಮಂಚದ ಕೆಳಗೆ ನೆಲಕ್ಕೆ ಬೋಲ್ಟ್ ಹಾಕಿ, ಮೇಲೆ ಹಲಗೆ ಸ್ಕ್ರೂ ಮಾಡಿದೆ. ಅವೇನೂ ಹೋಗಲಿಲ್ಲ. ಬೆಲೆಬಾಳುವುದು, ಕಾಗದ, ಮಕ್ಕಳ ಪುಸ್ತಕ ವಿಮಾನದಲ್ಲಿ ನಿಮ್ಮ ಜೊತೆ ಬರಲಿ. ಗ್ಯಾಸ್ ಸಿಲಿಂಡರ್ ಇಲ್ಲೇ ಬಿಟ್ಟುಬಿಡಿ. ಕೀನ್ಯಾದಲ್ಲಿ 6 ಕೆಜಿ ಪುಟ್ಟ ಸಿಲಿಂಡರ್, ಅದರ ತಲೆ ಮೇಲೇ ಬರ್ನರ್ ಕೂರುತ್ತದೆ, ಮೇಕೊ ಅನ್ನುತ್ತಾರೆ. ನಮ್ಮ ಮನೆಯವಳು ಏಳು ತಿಂಗಳು ಅದರಲ್ಲೇ ಅಡುಗೆ ಮಾಡಿದಳು.

ಲಾರಿ ಮೇಲೆ ಮನೆ ಕಟ್ಟಿದವರಿಗೆ ಮಾತ್ರ ಬರುವ ಕಷ್ಟ ಒಂದಿದೆ. ಎಲ್ಲರೂ ನಿಮ್ಮನ್ನು ಗೂಡ್ಸ್ ಗಾಡಿ ಅಂದುಕೊಳ್ಳುತ್ತಾರೆ. ಮೊಂಬಾಸಾ ಬಿಟ್ಟು ನೈರೋಬಿ ರಸ್ತೆ ಹಿಡಿದ ಸ್ವಲ್ಪ ಹೊತ್ತಿಗೇ ಮಾರಿಯಾಕಾನಿ ತೂಕದ ಕಟ್ಟೆ. ಕೈ ಅಡ್ಡ ಹಾಕಿದರು. "ಲೋಡ್ ಏನು?" ನಾನು ಹಿಂದಿನ ಬಾಗಿಲು ತೆಗೆದೆ. ಅಮ್ಮ ಮಣೆ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು, ಕಣ್ಣಲ್ಲಿ ನೀರು. ಆ ಸಾಹೇಬ ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅಮ್ಮನನ್ನು ನೋಡಿದ. ಏನೋ ಮನೆ ಜಗಳ ಅಂದುಕೊಂಡಿರಬೇಕು. ತೂಕವನ್ನೂ ಮಾಡಿಸದೆ ಕಳಿಸಿಬಿಟ್ಟ. ಎಲ್ಲ ಕಡೆ ಹೀಗೆ ಆಗಲಿಲ್ಲ. ತಾಂಜಾನಿಯಾದಿಂದ ಜಾಂಬಿಯಾಕ್ಕೆ ಹೋಗುವ ತುಂಡುಮಾ ಗಡಿಯಲ್ಲಿ ಲಾರಿ ಸಾಲಿನಲ್ಲೇ ನಿಲ್ಲಿಸಿದರು. ಕಿಲೋಮೀಟರ್‌ಗಟ್ಟಲೆ ಸಾಲು. ಅರ್ಧ ದಿನ ಆದಮೇಲೆ ಒಬ್ಬ ಡ್ರೈವರ್ರೇ ಬಂದು, ನೀವು ಇಲ್ಲಿ ಯಾಕೆ ನಿಂತಿದ್ದೀರಿ, ಕಾರುಗಳ ಕಡೆ ಹೋಗಿ ಅಂದ. ಆವತ್ತೇ ಹೆಂಡತಿ ಹಳೇ ಸೀರೆ ಹರಿದು ಕಿಟಕಿಗೆಲ್ಲ ಹೊರಗೆ ಕಾಣುವ ಹಾಗೆ ಪರದೆ ಹಾಕಿದಳು. ಆಮೇಲೆ ಲೋಡ್ ಕೇಳಿದವರು ಕಡಿಮೆ.

ನಿಮ್ಮ ಬಿಎಸ್6 ಬಗ್ಗೆ ನನಗೆ ಅನುಮಾನ ಇದೆ. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಪಾಲು. ಪೂರ್ವ ಆಫ್ರಿಕಾದ ದೇಶಗಳು 2015ರಲ್ಲಿ ತಂದ ಮಟ್ಟ 50 ಪಿಪಿಎಂ. ನಮ್ಮ ಹಳೇ 407 ಅದನ್ನು ಹಾಲು ಕುಡಿದ ಹಾಗೆ ಕುಡಿಯಿತು. ನಿಮ್ಮ ಫಿಲ್ಟರು, ಸೆನ್ಸರು ಅಷ್ಟು ಗಂಧಕವನ್ನು ಎಷ್ಟು ತಡೆಯುತ್ತವೆ ಅಂತ ಕಂಪನಿಯವರಿಂದ ಬರವಣಿಗೆಯಲ್ಲೇ ತಗೊಳ್ಳಿ. ಡಿಇಎಫ್ ದೊಡ್ಡ ಊರುಗಳಲ್ಲಿ ತುಂಬಿಸಿಕೊಂಡೇ ಮುಂದೆ ಹೋಗಿ. ಟಾಟಾ ಸ್ಪೇರ್ ಬೇಕಾದಾಗ ನಾನು ನೈರೋಬಿಯ ಕಿರಿನ್ಯಾಗಾ ರೋಡಿಗೆ ಹೋದೆ. ನಮ್ಮ ಜೆ.ಸಿ. ರೋಡಿನ ತಮ್ಮ ಅನ್ನಿ. ಕ್ಲಚ್ ಕೇಬಲ್ ತೋರಿಸಿದ ತಕ್ಷಣ ಹುಡುಗ "ಟಾಟಾ" ಅಂದ, ಐದು ನಿಮಿಷದಲ್ಲಿ ಕೈಗಿಟ್ಟ.

ಊಟದ ವಿಷಯ ಒಂದು ಹೇಳದಿದ್ದರೆ ಅಮ್ಮ ಬಿಡಲ್ಲ. ವೋಯಿ ಅನ್ನುವ ಊರಿನ ಅಂಗಡಿಯಲ್ಲಿ ಹಿಟ್ಟಿನ ಸಾಲು ನೋಡುತ್ತಿದ್ದೆವು. ಎಲ್ಲ ಬಿಳಿ ಮೆಕ್ಕೆಜೋಳದ ಹಿಟ್ಟು. ಮೂಲೆಯಲ್ಲಿ ಒಂದು ಕಂದು ಪೊಟ್ಟಣ, "ವಿಂಬಿ" ಅಂತ ಬರೆದಿತ್ತು. ಅಮ್ಮ ಕವರಿನ ಮೇಲಿಂದಲೇ ಹೆಬ್ಬೆರಳಿನಲ್ಲಿ ಉಜ್ಜಿ, "ಇದು ರಾಗಿ ಕಣೋ" ಅಂದರು. ರಾಗಿಯೇ. ರಾಗಿ ನಮ್ಮಲ್ಲಿಗೆ ಬಂದಿದ್ದೇ ಆ ಕಡೆಯಿಂದ ಅಂತ ಆಮೇಲೆ ಮಗ ಓದಿ ಹೇಳಿದ. ತಾಂಜಾನಿಯಾದಲ್ಲಿ ಅದಕ್ಕೆ ಉಲೇಜಿ ಅನ್ನುತ್ತಾರೆ. ಅಲ್ಲಿಂದ ವಾರಕ್ಕೆ ನಾಲ್ಕು ದಿನ ಮುದ್ದೆ. ಬಾಡಿಗೆ ಜೀಪಿನಲ್ಲಿ ಮುದ್ದೆ ತಿರುವಲು ಆಗುತ್ತಾ, ಸುಮ್ನೆ_ಸುತ್ತು ಅವರೇ?

ನಿಮ್ಮ ಮನೆಯವರ ಪ್ರಶ್ನೆಗೆ ನನ್ನ ಉತ್ತರವೂ ಅದೇ. ನಾವು ಖರ್ಚು ಉಳಿಸಲಿಲ್ಲ. ಸಂಜೆ ಆರು ಗಂಟೆಗೆ ಯಾವ ದೇಶದಲ್ಲಿದ್ದರೂ ಮಕ್ಕಳು ತಮ್ಮ ತಮ್ಮ ಹಾಸಿಗೆಗೆ ಹತ್ತುತ್ತಿದ್ದರು. ಮಗನಿಗೆ ಜಾಂಬಿಯಾದಲ್ಲಿ ಮೂರು ದಿನ ಜ್ವರ ಬಂತು. ಮಲೇರಿಯಾ ಟೆಸ್ಟ್ ಮಾಡಿಸಿದೆವು, ಅದಲ್ಲ. ಆ ಮೂರು ದಿನ ಅವನು ಮಲಗಿದ್ದು ತಿಪಟೂರಿನಲ್ಲಿ ಮಲಗುತ್ತಿದ್ದ ಅದೇ ಚಾದರದ ಮೇಲೆ.

ಕುಂದಾಪ್ರ_ಬಂದರು

ಕೊಬ್ಬರಿಯವರೇ, ಬೆಲ್ಟ್ ಕಥೆ ಓದಿ ನಗು ಬಂತು ಮಾರಾಯ್ರೆ. ನಾನು ನ್ಹಾವಾ ಶೇವಾದಲ್ಲಿ 18 ವರ್ಷದಿಂದ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದಲ್ಲಿದ್ದೇನೆ. ಅವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಹಾಸನದವರೇ, ನಿಮಗೆ ಇನ್ನೊಂದು ದಾರಿ ಉಂಟು, ರೋ-ರೋ. ನಮ್ಮ ಸುರತ್ಕಲ್‌ನಲ್ಲಿ ಲಾರಿಗಳು ಕೊಂಕಣ ರೈಲು ಹತ್ತುತ್ತವಲ್ಲ, ಅದೇ ಕ್ರಮ, ರೈಲಿನ ಬದಲು ಹಡಗು. ಕಾರು ರಫ್ತು ಮಾಡುವ ಹಡಗುಗಳು. ಗಾಡಿ ಓಡಿಸಿಕೊಂಡೇ ಒಳಗೆ ಹೋಗುವುದು. ಅದರಲ್ಲಿ ಎತ್ತರದ ಗೋಳು ಕಡಿಮೆ, ಉಪ್ಪು ನೀರು ತಾಗುವುದಿಲ್ಲ. ಆದರೆ ಕೀಲಿ ಅವರ ಕೈಗೆ ಕೊಡಬೇಕು, ಒಂದೊಂದು ಗಾಡಿಯನ್ನು ಎಲ್ಲ ಕಂಪನಿಯವರು ಹತ್ತಿಸಿಕೊಳ್ಳುವುದೂ ಇಲ್ಲ. ಬಾಡಿಗೆ ಘನ ಮೀಟರ್ ಲೆಕ್ಕ. ನಿಮ್ಮದು 6.2, 2.1, 3.2 ಗುಣಿಸಿದರೆ ಸುಮಾರು 41.7. ಆ ಎಸಿ ಪೆಟ್ಟಿಗೆ 25 ಸೆಂಟಿಮೀಟರ್ ಇದ್ದರೆ, ಅದನ್ನು ಬಿಚ್ಚಿ ಒಳಗಿಟ್ಟರೆ 3.25 ಘನ ಮೀಟರ್ ಇಳಿಯಿತು. ಎಸಿ ಬಿಚ್ಚುವ ಮೆಕ್ಯಾನಿಕ್ ಕೂಲಿ ಅದರ ಮುಂದೆ ಏನೂ ಅಲ್ಲ.

ಫ್ಲ್ಯಾಟ್ ರ್ಯಾಕ್ ಆದರೆ ತಳವೇ ಅರ್ಧ ಮೀಟರ್‌ಗಿಂತ ಎತ್ತರ. ಅದರ ಮೇಲೆ ನಿಮ್ಮ 3.2. ಅಷ್ಟು ಎತ್ತರ ಆದ ಮೇಲೆ ಅದರ ಮೇಲೆ ಬೇರೆ ಕಂಟೇನರ್ ಕೂರಿಸಲಿಕ್ಕಾಗುವುದಿಲ್ಲ, ಆ ಖಾಲಿ ಜಾಗದ ದುಡ್ಡೂ ನಿಮ್ಮದೇ. ಟ್ರೈಲರ್ ಮೇಲೆ ಬಂದರಿಗೆ ತರುವಾಗ ಸಾಮಾನ್ಯ ಟ್ರೈಲರ್ ಆದರೆ ಒಟ್ಟು ಐದು ಮೀಟರ್ ದಾಟುತ್ತದೆ. ತಗ್ಗಿನ ಟ್ರೈಲರ್ ಬೇಕು ಅಂತ ಮೊದಲೇ ಹೇಳಿ.

ಲಿಥಿಯಂ ಬ್ಯಾಟರಿ ಇದೆ ಅಂತ ಮುಚ್ಚಿಡಬೇಡಿ. 2022ರಲ್ಲಿ ಫೆಲಿಸಿಟಿ ಏಸ್ ಅನ್ನುವ ಕಾರು ಹಡಗು ಬೆಂಕಿ ಬಿದ್ದು ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಆಮೇಲೆ ಬ್ಯಾಟರಿ ಅಂದರೆ ಎಲ್ಲರಿಗೂ ಹೆದರಿಕೆ. ಹೇಳಿ, ಕಾಗದ ಕೊಡಿ, ವೈರ್ ತೆಗೆದಿಡಿ. ಸಾಧ್ಯವಾದರೆ ಆ ಬ್ಯಾಟರಿ ಮನೆಯಲ್ಲೇ ಬಿಟ್ಟು, ಅಲ್ಲಿ ಹೋಗಿ ಸಾದಾ ಬ್ಯಾಟರಿ ತಗೊಳ್ಳುವುದು ಆರಾಮ.

ಹಡಗಿನ ವಿಮೆ ಖಂಡಿತ ಮಾಡಿಸಿ. ಗಾಡಿ ಕಳೆದುಹೋಗುತ್ತದೆ ಅಂತ ಮಾತ್ರ ಅಲ್ಲ. ಜನರಲ್ ಆವರೇಜ್ ಅಂತ ಒಂದು ಹಳೇ ಕಾನೂನು ಉಂಟು. ಹಡಗು ಅಪಾಯಕ್ಕೆ ಸಿಕ್ಕಿ, ಉಳಿಸಲಿಕ್ಕೆ ಅಂತ ಯಾರದ್ದೋ ಮಾಲು ಸಮುದ್ರಕ್ಕೆ ಎಸೆದರೆ, ಆ ನಷ್ಟವನ್ನು ಉಳಿದ ಮಾಲಿನವರೆಲ್ಲ ಹಂಚಿಕೊಳ್ಳಬೇಕು. ನಿಮ್ಮ ಗಾಡಿಗೆ ಗೀರೂ ಬಿದ್ದಿರಲಿಕ್ಕಿಲ್ಲ, ಆದರೂ ನಿಮ್ಮ ಪಾಲು ಕಟ್ಟದೆ ಬಿಡುವುದಿಲ್ಲ. ವಿಮೆ ಇದ್ದರೆ ಅದು ಅವರ ತಲೆನೋವು. 2025ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಕೊಚ್ಚಿ ಕಡಲಲ್ಲೇ 640 ಕಂಟೇನರ್ ಹೊತ್ತ ಹಡಗು ಮುಳುಗಿತಲ್ಲ, ಇದು ದೂರದ ಮಾತಲ್ಲ. ಆದರೆ ಒಲೆ, ಪಾನಾ ಕದ್ದರೆ ಸಾಮಾನ್ಯವಾಗಿ ವಿಮೆ ಬರುವುದಿಲ್ಲ.

ಮತ್ತೆ ಮಳೆಗಾಲದಲ್ಲಿ ಕಳಿಸಬೇಡಿ, ಅಷ್ಟೇ. ರಸೀದಿ ಕರಡು ಬಂದಾಗ ಚಾಸಿ ನಂಬರನ್ನು ನೀವೇ ಗಾಡಿ ಹತ್ತಿರ ನಿಂತು ಒಂದೊಂದೇ ಅಂಕಿ ಓದಿ. ಆ ಕೆಲಸ ಯಾರೂ ನಿಮಗಾಗಿ ಮಾಡುವುದಿಲ್ಲ. ನಮ್ಮವರೂ ಮಾಡುವುದಿಲ್ಲ, ಸುಳ್ಳು ಯಾಕೆ ಹೇಳಲಿ.

ಹ್ಯಾಂಬರ್ಗ್_ಗೌಡ್ತಿ

ನಾವು ಜರ್ಮನಿಯಲ್ಲಿ ಇರುವವರು. ನಮ್ಮ ಲಾರಿ ಕ್ಯಾಂಪರನ್ನು ಹ್ಯಾಂಬರ್ಗ್‌ನಿಂದ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ರೋ-ರೋದಲ್ಲಿ ಕಳಿಸಿದ್ದೆವು. ದಾರಿ ಬೇರೆ, ಆದರೆ ಒಂದು ವಿಷಯ ನಿಮಗೂ ಉಪಯೋಗ ಆಗಬಹುದು: ಮಣ್ಣು. ಕೆನಡಾದವರು ಚಕ್ರದ ಗೂಡಿನಲ್ಲಿ ಒಂದು ಹಿಡಿ ಮಣ್ಣಿದ್ದರೂ ಬಿಡಲ್ಲ. ನಾನು ಹಳೇ ಟೂತ್‌ಬ್ರಷ್ ಹಿಡಿದು ಚಾಸಿ ಕೆಳಗೆ ಮಲಗಿ ಉಜ್ಜಿದ್ದೇನೆ. ಆಸ್ಟ್ರೇಲಿಯಾ ಇನ್ನೂ ಬಿಗಿಯಂತೆ. ನೀವು ಮುಂದೆ ಯಾವತ್ತಾದರೂ ಆ ಕಡೆ ಯೋಚಿಸಿದರೆ ನೆನಪಿರಲಿ.

ಕೊಬ್ಬರಿ ಅಣ್ಣ, ನಿಮ್ಮ ತಾಯಿಯವರ ಹಳದಿ ಜ್ವರದ ಲಸಿಕೆ ಹೇಗೆ ಮಾಡಿಸಿದಿರಿ? 60 ದಾಟಿದವರಿಗೆ ಅಷ್ಟು ಸುಲಭವಾಗಿ ಕೊಡಲ್ಲ ಅಂತ ಕೇಳಿದ್ದೆ. ನಮ್ಮ ಅತ್ತೆಯೂ ಬರುತ್ತೇನೆ ಅನ್ನುತ್ತಿದ್ದಾರೆ.

ಕೊಬ್ಬರಿ407

ಹೌದು ತಾಯಿ, 60 ದಾಟಿದರೆ ಡಾಕ್ಟರು ನೋಡಿಯೇ ತೀರ್ಮಾನ ಮಾಡುತ್ತಾರೆ. ಅಮ್ಮನಿಗೆ ಶುಗರ್ ಇಲ್ಲ, ಬಿಪಿ ಮಾತ್ರೆ ಒಂದು ಅಷ್ಟೇ. ನಮ್ಮ ಫ್ಯಾಮಿಲಿ ಡಾಕ್ಟರ ಚೀಟಿ ತಗೊಂಡು ಬೆಂಗಳೂರಿನ ಸರಕಾರಿ ಕೇಂದ್ರಕ್ಕೆ ಹೋದೆವು. ಅವರು ಎಲ್ಲ ವಿಚಾರಿಸಿ ಕೊಟ್ಟರು. ಲಸಿಕೆ ಹಾಕಿಸಿ ಹತ್ತು ದಿನ ಆದಮೇಲೆಯೇ ಕಾರ್ಡಿಗೆ ಬೆಲೆ. ಆಮೇಲೆ ಜೀವಮಾನಕ್ಕೆ ನಡೆಯುತ್ತದೆ. ಆ ಹಳದಿ ಕಾರ್ಡು ಕೀನ್ಯಾದಿಂದ ತಾಂಜಾನಿಯಾಕ್ಕೆ ಹೋಗುವಾಗ ಕೇಳಿದರು. ನಮ್ಮ ದೇಶದವರು ಇನ್ನೂ ಬಿಗಿ. ಆ ಜ್ವರ ಇರುವ ದೇಶದಿಂದ ಕಾರ್ಡಿಲ್ಲದೆ ನೇರ ಬಂದರೆ ಆರು ದಿನದವರೆಗೆ ಕೂಡಿ ಹಾಕುತ್ತಾರೆ. ನಿಮ್ಮ ಅತ್ತೆಯನ್ನು ಮೊದಲು ಡಾಕ್ಟರಿಗೆ ತೋರಿಸಿ, ಟಿಕೆಟ್ ಆಮೇಲೆ.

ಹಾಸನದ_ಅಲೆಮಾರಿ

ಎಲ್ಲರಿಗೂ ಕೈ ಮುಗಿದೆ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಹೆಂಡತಿಗೆ ಪೂರ್ತಿ ಓದಿ ಹೇಳಿದೆ. ಮುದ್ದೆ ಜಾಗಕ್ಕೆ ಬಂದಾಗ ಅವಳು ಟೇಪ್ ತಂದಳು. ಗಾಡಿ ಮೇಲೆ ಹತ್ತಿ ಅಳೆದೆವು. 3.2 ಅಲ್ಲ, 3.26! ಎಸಿ ತೆಗೆದರೆ 2.99. ಮೇಲೆ ಸೋಲಾರ್ ಹಲಗೆ ಹಾಗೇ ಇರಲಿ ಅಂತ.

ದೇಶಗಳ ಪಟ್ಟಿಯಿಂದ ಈಜಿಪ್ಟ್, ಇಥಿಯೋಪಿಯಾ ಎರಡೂ ತೆಗೆದೆ. ಮಗನಿಗೆ ಪಿರಮಿಡ್ ಹೋಯಿತು ಅಂತ ಬೇಜಾರು. ಜಾಂಬಿಯಾದಿಂದ ಬೋಟ್ಸ್ವಾನಾಕ್ಕೆ ದಾಟುವ ಹಳೇ ದೋಣಿ ಬಗ್ಗೆ ಎಲ್ಲೋ ಓದಿ ಹೆದರಿದ್ದೆ, ನಮ್ಮ ತೂಕಕ್ಕೆ ಆಗುತ್ತಾ ಅಂತ. ಮತ್ತೆ ಕರೆಂಟಿನ ಪಿನ್ನು? ಅಲ್ಲೆಲ್ಲ ಬೇರೆ ಬೇರೆ ಪಿನ್ನು ತಗೊಂಡು ಹೋಗಬೇಕಾ?

ಕೊಬ್ಬರಿ407

ದೋಣಿ ಚಿಂತೆ ಬಿಡಿ. 2021ರ ಮೇಯಲ್ಲಿ ಕಜುಂಗುಲಾ ಸೇತುವೆ ಆಯಿತು, ಜಾಂಬೆಜಿ ನದಿ ಮೇಲೆ 923 ಮೀಟರ್. ನಮ್ಮ 407 ಐದು ನಿಮಿಷದಲ್ಲಿ ದಾಟಿತು. ಬಗ್ಗಿದ ಸೇತುವೆ ಅದು, ಬಿಲ್ಲಿನ ಹಾಗೆ, ಮಕ್ಕಳಿಗೆ ಖುಷಿ. ಪಿನ್ನು: ಕೀನ್ಯಾ, ತಾಂಜಾನಿಯಾದಲ್ಲಿ ಚೌಕದ ಮೂರು ಪಿನ್ನು, ಒಂದು ಅಡಾಪ್ಟರ್ ಅಲ್ಲೇ ತಗೊಳ್ಳಿ. ವೋಲ್ಟೇಜ್ ನಮ್ಮದೇ ಹಾಗೆ. ನಮೀಬಿಯಾ, ಸೌತ್ ಆಫ್ರಿಕಾದಲ್ಲಿ ನಮ್ಮ ಗೀಸರಿನ ದಪ್ಪ ಪಿನ್ನೇ ನಡೆಯುತ್ತದೆ. ಕ್ಯಾಂಪಿನಲ್ಲಿ ಪಕ್ಕದ ಗಾಡಿಯ ಜರ್ಮನ್ ದಂಪತಿ ಅಡಾಪ್ಟರ್ ಹುಡುಕುತ್ತಿದ್ದರು. ನನ್ನ ಹೆಂಡತಿ ತಿಪಟೂರಿನ ಎಕ್ಸ್‌ಟೆನ್ಷನ್ ಬಾಕ್ಸ್ ನೇರ ಚುಚ್ಚಿದಳು.

ಅದಿರಲಿ. ಇನ್ನೊಂದು ಕೇಳಬೇಕಿತ್ತು, ಮೊದಲೇ ಹೊಳೆಯಲಿಲ್ಲ. ಕಾರ್ನೆಟ್‌ನಲ್ಲಿ ಗಾಡಿಯ ಬಣ್ಣಕ್ಕೂ ಕಾಲಂ ಇದೆ. ಆರ್‌ಸಿಯಲ್ಲಿ ಏನಿದೆಯೋ ಅದೇ ಬರೆಯುತ್ತಾರೆ. ನೀವು ಹಸಿರು ಹೊಡೆಸಿದಿರಲ್ಲ, ಆರ್‌ಸಿಯಲ್ಲಿ ಯಾವ ಬಣ್ಣ ಇದೆ ನೋಡಿ.

ಹಾಸನದ_ಅಲೆಮಾರಿ

ನೋಡಿದೆ. ಬಿಳಿ.

ಕೊಬ್ಬರಿ407

ಹಾಗಾದರೆ ನಾಳೆ ಬೆಳಿಗ್ಗೆ ಮುಂಬೈಗೆ ಫೋನ್ ಮಾಡಬೇಡಿ. ಹಾಸನದ ಆರ್‌ಟಿಒಗೆ ಹೋಗಿ.